ಶರ್ಟಿಲ್ಲದ ಕಾಜಾಗಳು

ಮಿಕ್ಸಿ ಸುಟ್ಟ ವಾಸನೆ ಒಂದಲ್ಲ ಒಂದು ಬೆಳಿಗ್ಗೆ ನಿಮ್ಮ ಮೂಗಿಗೂ ಬಡಿದಿರುತ್ತದೆ. ಈ ಭಾನುವಾರ ಚಿಂತಾಮಣಿಯ ನಮ್ಮ ಮನೆಯಲ್ಲಿ ಅದು ಹಬ್ಬಿದಾಗ ನಾನು ಹಾಲ್‌ನಿಂದ ವರಾಂಡಕ್ಕೆ, ವರಾಂಡದಿಂದ ಹಾಲ್‌ಗೆ ಸುಮ್ಮನೆ ಓಡಾಡುತ್ತಿದ್ದೆ. ಕೆಲವು ದಿನಗಳಿಂದ ಹೀಗೆಯೇ, ಒಂದು ಕಡೆ ಕೂರಲಾರೆ. ಕಾರಣ ಮೊಮ್ಮಗಳು ಯಶು. ಏಳನೇ ಕ್ಲಾಸು. ಮುಂದಿನ ವರ್ಷಕ್ಕೆ ಸ್ಕೂಲಿನಲ್ಲಿ ಒಂದು ಕಸುಬು ಆರಿಸಿಕೊಳ್ಳಬೇಕು: ಟೈಲರಿಂಗ್ ಇಲ್ಲವೇ ಎಲೆಕ್ಟ್ರಿಕಲ್. ನಾಳೆಯೇ ಮೇಷ್ಟ್ರಿಗೆ ಹೇಳಬೇಕು. ಯಶುವಿಗೆ ಎಲೆಕ್ಟ್ರಿಕಲ್ಲೇ ಬೇಕು. ಅವಳಮ್ಮ, ಅಂದರೆ ನನ್ನ ಮಗಳು ಸುಧಾ, ಟೈಲರಿಂಗ್ ಎಂದು ತೀರ್ಮಾನಿಸಿಬಿಟ್ಟಿದ್ದಾಳೆ. ಆ ಕಡೆ ಬರೀ ಗಂಡು ಹುಡುಗರಂತೆ, ಶಾಕ್ ಹೊಡೆದರೆ ಗತಿಯೇನಂತೆ. ಮೊನ್ನೆ ಈ ಮಾತು ಬಂದಾಗ ಹುಡುಗಿ ನನ್ನ ಮುಖ ನೋಡಿದಳು. ನಾನು, ವೆರಿ ಡಿಪ್ಲೊಮ್ಯಾಟಿಕ್, ಅಮ್ಮ ಹೇಳಿದ್ದು ಕೇಳಮ್ಮ ಎಂದು ನ್ಯೂಸ್‌ಪೇಪರಿನ ಹಿಂದೆ ಅಡಗಿದೆ.

ಹೊಲಿಗೆ ನನಗೆ ಗೊತ್ತಿಲ್ಲವೇ? ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ ಶುಕ್ರವಾರ ಮಧ್ಯಾಹ್ನ ನೀಡಲ್‌ವರ್ಕ್. ಇಡೀ ವರ್ಷ ನಾವು ಹೊಲಿದದ್ದು ಗುಂಡಿ ತೂರಿಸುವ ಕಾಜಾ. ಶರ್ಟಿಗಲ್ಲ, ಒಂದು ಬಿಳಿ ಬಟ್ಟೆಯ ತುಂಡಿಗೆ, ಸಾಲಾಗಿ. ಅವಕ್ಕೆ ಗುಂಡಿ ಎಂದೂ ಬರಲಿಲ್ಲ. ನನ್ನದನ್ನು ಸಿಸ್ಟರ್ ಬೆಳಕಿಗೆ ಹಿಡಿದು 'ವೆರಿ ನೀಟ್' ಎಂದಿದ್ದರು, ಆ ಜಂಬ ಇನ್ನೂ ಇಳಿದಿಲ್ಲ. ನಾನು ಹೊಲಿದ ರವಿಕೆ ನನಗೇ ಸರಿಹೊಂದುವುದಿಲ್ಲ, ಅದು ಬೇರೆ ಮಾತು.

ಒಮ್ಮೆ ಕ್ಲಾಸಿನ ಹೊಲಿಗೆ ಮೆಷಿನ್ ಕೆಟ್ಟು ನಿಂತಿತು. ಪೇಟೆಯಿಂದ ಬಂದ ಮೆಕ್ಯಾನಿಕ್ ಅದನ್ನು ವಾಲಿಸಿ ಅಡಿಭಾಗ ತೋರಿಸಿದ. ಒಂದು ಚಕ್ರ ತಿರುಗಿದರೆ ಇನ್ನೊಂದು ಏಳುವುದು, ಅದು ಎದ್ದರೆ ಮತ್ತೊಂದು ಜಾರುವುದು! ಇದನ್ನು ನಾನೂ ಕಲಿಯಬಹುದೇ ಎಂದು ಸಿಸ್ಟರನ್ನು ಕೇಳಿದೆ. ಅವರು ತಲೆ ಸವರಿ, "ದಟ್ ಈಸ್ ನಾಟ್ ಫಾರ್ ಯು, ಚೈಲ್ಡ್" ಎಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ ನನಗೆ ಅಳುವೂ ಬರಲಿಲ್ಲ. ಬಂದಿದ್ದರೆ ಮನೆಯಲ್ಲಿ ಯಾರಾದರೂ ಏಕೆಂದು ಕೇಳುತ್ತಿದ್ದರೋ ಏನೋ. ಮದುವೆಯಾದ ಮೇಲೂ, ರೇಡಿಯೊ ರಿಪೇರಿಯವನಿಗೆ ಕಾಫಿ ಕೊಡುವ ನೆಪದಲ್ಲಿ ಅವನು ಬಿಚ್ಚುವುದನ್ನು ನೋಡುತ್ತಾ ಪಕ್ಕದಲ್ಲೇ ನಿಂತುಬಿಡುತ್ತಿದ್ದೆ.

ವಾಸನೆ ಹಿಡಿದು ಅಡುಗೆಮನೆಗೆ ಹೋದೆ. ಮಿಕ್ಸಿ ಬೋರಲಾಗಿ ಮಲಗಿತ್ತು, ಯಶು ಅದರ ತಳ ಬಿಚ್ಚಿದ್ದಳು.

"ಪ್ಲಗ್ ತೆಗ್ದಿದ್ದೀಯೇನೆ?"

"ಮೊದ್ಲೇ ತೆಗ್ದೆ ಅಜ್ಜಿ. ಮೋಟರಿನ ಕಾರ್ಬನ್ ಸವೆದುಹೋಗಿದೆ ನೋಡು."

ಅಷ್ಟರಲ್ಲಿ ಮಹಡಿಯಿಂದ ಸುಧಾ ಇಳಿದು ಬರುವ ಸದ್ದು. ಹುಡುಗಿ ಸ್ಕ್ರೂಡ್ರೈವರನ್ನು ಫ್ರಾಕಿನ ಕೆಳಗೆ ತಳ್ಳಿದಳು. ನನಗೆ ತಡೆಯಲಾಗಲಿಲ್ಲ. ಬಚ್ಚಿಡಬೇಡ ಎಂದು, ಮಂಡಿ ಗೊಣಗುತ್ತಿದ್ದರೂ ಅವಳ ಪಕ್ಕ ನೆಲದ ಮೇಲೆ ಕೂತೆ.

"ಏನಮ್ಮ ಇದು, ನೀನೂ ಸೇರ್ಕೊಂಡ್ಯಾ?" ಎಂದಳು ಸುಧಾ.

"ಅವಳು ಬಿಚ್ತಿದ್ದಾಳೆ, ನಾನು ಕಲೀತಿದ್ದೀನಿ ಕಣೇ. ನಾಳೆ ಸ್ಕೂಲಿಗೂ ನಾನೇ ಹೋಗ್ತೀನಿ. ಎಲೆಕ್ಟ್ರಿಕಲ್ ಅಂತ ಹೇಳಿ ಬರ್ತೀನಿ."

"ಮೊನ್ನೆ ನನ್ನ ಮಾತು ಕೇಳು ಅಂದೋಳು ನೀನೇ ಅಲ್ವಾ?"

"ಮೊನ್ನೆ ಅಂದೆ. ಇವತ್ತು ಇದನ್ನ ಹೇಳ್ತಿದ್ದೀನಿ."

ಸುಧಾ ಬಾಗಿಲಲ್ಲೇ ನಿಂತಳು. ಒಂದು ಸ್ಕ್ರೂ ಉರುಳಿ ಅವಳ ಕಾಲ ಬಳಿ ಹೋಗಿತ್ತು. ಬಗ್ಗಿ ಎತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ, ನನ್ನನ್ನಲ್ಲ, ಮಗಳನ್ನು ಕೇಳಿದಳು: "ಇದು ಎಲ್ಲಿಂದ ಬಂತೇ?"

ಯಶು ಜಾಗ ತೋರಿಸಿದಳು. ಹೊಸ ಕಾರ್ಬನ್ ತರುವವರೆಗೆ ಕಳೆಯದಂತೆ ಅಲ್ಲೇ ಕೂರಿಸಿಡೋಣ ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟಳು. ಬಲಕ್ಕೆ ತಿರುಗಿಸಿದೆ. ಹಿಡಿಯಿತು.