ಮರಳು ಸುಡುತ್ತದೆಯೇ ಎಂದು ಕೇಳಿದವರು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಿಳಿ ಪ್ಯಾಂಟಿನ ಹಿಂಬದಿಯಲ್ಲಿ ತಟ್ಟೆಯಗಲದ ಒಂದು ಕೆಮ್ಮಣ್ಣಿನ ಕಲೆ ಇರುತ್ತಿತ್ತು. ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ. ಸೋಮವಾರ ತೆಳುವಾಗಿ, ಶನಿವಾರ ಮನೆಗೆ ಹೊರಡುವಾಗ ಗಾಢವಾಗಿ ಕಾಣುತ್ತಿತ್ತು. ಅವರು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದರೆ ಹಿಂದಿನ ಬೆಂಚಿನವರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಅವರು ತಿರುಗಿಯೂ ನೋಡದೆ ಹೇಳುತ್ತಿದ್ದರು: "ನಗ್ರಿ, ನಗ್ರಿ. ಶನಿವಾರ ನಿಮ್ಮವೂ ಹಂಗ ಆಗ್ತಾವು."

ಅದು ಎಪ್ಪತ್ತರ ದಶಕದ ಆರಂಭ. ಊರು ಕೊಟ್ಟೂರು. ನಾನು ಆಗಷ್ಟೇ ಎಂಟನೇ ತರಗತಿಗೆ ಬಂದಿದ್ದೆ. ಜೂನ್ ತಿಂಗಳ ಮೊದಲ ವಾರ ಮೇಷ್ಟ್ರು ಒಂದು ಪ್ರಬಂಧ ಬರೆಸಿದರು: ಬೇಸಿಗೆ ರಜೆಯನ್ನು ಹೇಗೆ ಕಳೆದೆ, ಇಂಗ್ಲಿಷಿನಲ್ಲಿ ಒಂದು ಪುಟ. ತರಗತಿಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಒಂದು ಹಳೆಯ ಗೈಡಿನಲ್ಲಿ ಅದೇ ವಿಷಯದ ಪ್ರಬಂಧವಿತ್ತು. ಅದರಲ್ಲಿ ಒಂದು ಕುಟುಂಬ ಸಮುದ್ರ ತೀರಕ್ಕೆ ಹೋಗುತ್ತದೆ. ತಂದೆ ದೊಡ್ಡ ಛತ್ರಿಯ ಕೆಳಗೆ ಕೂತು ಪೇಪರ್ ಓದುತ್ತಾನೆ. ಮಕ್ಕಳು ಮರಳಿನ ಮನೆ ಕಟ್ಟುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ. ಹೀಗಾಗಿ ಆ ವರ್ಷ ನಮ್ಮ ತರಗತಿಯ ಮುಕ್ಕಾಲು ಪಾಲು ಸಮುದ್ರಕ್ಕೆ ಹೋಗಿ ಬಂದಿತ್ತು. ಹತ್ತಿ ಜಿನ್ನಿನ ಕೂಲಿ, ಸೈಕಲ್ ರಿಪೇರಿಯವರು, ದಲಾಲಿ ಅಂಗಡಿಯ ಗುಮಾಸ್ತರು, ಎಲ್ಲ ಅಪ್ಪಂದಿರೂ ಒಂದೇ ಛತ್ರಿಯ ಕೆಳಗೆ ಕೂತು ಪೇಪರ್ ಓದಿದ್ದರು.

ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಸಿಟ್ಟು ಇರಲಿಲ್ಲ. ನನ್ನ ನೋಟ್‌ಬುಕ್ ಅವರ ಕೈಯಲ್ಲಿತ್ತು.

"ಮಧ್ಯಾಹ್ನ ಹೋಗಿದ್ರೋ, ಸಂಜಿ ಹೋಗಿದ್ರೋ?"

"ಮಧ್ಯಾಹ್ನ ಸರ್."

"ಮರಳು ಸುಡ್ತಿತ್ತೇನು?"

ಗೈಡಿನಲ್ಲಿ ಆ ಮಾತಿರಲಿಲ್ಲ. ತರಗತಿ ನಗಲು ಕಾಯುತ್ತಿತ್ತು.

"ನಾನೂ ಸಮುದ್ರ ನೋಡಿಲ್ಲಪಾ," ಎಂದರು ಮೇಷ್ಟ್ರು. "ಅದಕ್ಕ ಕೇಳಿದೆ. ಖರೇ ಹೇಳು, ಸೂಟಿಯಾಗ ಎಲ್ಲಿದ್ದಿ?"

ಹಡಗಲಿಯಲ್ಲಿದ್ದೆ, ಅತ್ತೆಯ ಮನೆಯಲ್ಲಿ. ಬೆಳಕು ಹರಿಯುವ ಮೊದಲೇ ಎದ್ದು ಮಲ್ಲಿಗೆ ಮೊಗ್ಗು ಬಿಡಿಸುವುದು, ಮೊದಲ ಬಸ್ಸಿಗೆ ಬುಟ್ಟಿ ಹಾಕುವುದು, ಬಿಸಿಲೇರಿದ ಮೇಲೆ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವುದು, ಇದಿಷ್ಟೇ ನನ್ನ ರಜೆ. ಹೇಳಲು ನಾಚಿಕೆಯಾಗಿ ಅರ್ಧಂಬರ್ಧ ಹೇಳಿದೆ. ಅವರು ಬಿಡಲಿಲ್ಲ. ಮೊಗ್ಗನ್ನು ಯಾವ ಬೆರಳಲ್ಲಿ ಹಿಡಿಯುತ್ತೀ, ಕೈಗೆ ಏನಾಗುತ್ತದೆ, ಬುಟ್ಟಿಯ ಮೇಲೆ ಏನು ಮುಚ್ಚುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಉಗುರಿನ ಸಂದು ಹಸಿರಾಗಿ ನಾಲ್ಕು ದಿನ ಹೋಗುವುದಿಲ್ಲ ಎಂದಾಗ ನೋಟ್‌ಬುಕ್ಕನ್ನು ನನಗೆ ಹಿಂದಿರುಗಿಸಿದರು.

"ಅದನ್ನ ಬರಿ. ಇಂಗ್ಲಿಷಿಗೆ ನಾನು ಅದೀನಿ."

ಸಂಬಳ ಪಡೆದು ಬರೆಯುವ ಕೆಲಸದಲ್ಲಿ ನನಗೆ ಸಿಕ್ಕ ಯಾವ ಸೂಚನೆಯೂ ಇದಕ್ಕಿಂತ ಸ್ಪಷ್ಟವಾಗಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್ಡು ಇಂಗ್ಲಿಷು. ಆ ಹೊತ್ತಿಗೆ ಅವರು ನಮ್ಮನ್ನು ಸಾಲಾಗಿ ಊರಾಚೆಯ ಕೆರೆ ಏರಿಗೆ ನಡೆಸಿಕೊಂಡು ಹೋಗುತ್ತಿದ್ದರು. ಹದಿನೈದು ನಿಮಿಷದ ದಾರಿ. ಜೇಬಿನಲ್ಲಿ ಹುರಿದ ಸೇಂಗಾ ಅಥವಾ ಮಂಡಕ್ಕಿ ತರಬಹುದಿತ್ತು, ಒಬ್ಬನೇ ತಿನ್ನುವಂತಿರಲಿಲ್ಲ. ಏರಿಯ ಮೇಲೆ ನಾವು ಚದುರಿ ಹೋಗಿ, ಕಣ್ಣಿಂದ ಕಂಡದ್ದು ಒಂದು, ಕೈಯಿಂದ ಮುಟ್ಟಿದ್ದು ಒಂದು, ಕಿವಿಗೆ ಬಿದ್ದದ್ದು ಒಂದು, ಹೀಗೆ ಮೂರನ್ನು ತರಬೇಕು. ಮೊದಲು ನಮ್ಮ ಮಾತಿನಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷು. ಪದ ಗೊತ್ತಿಲ್ಲದಿದ್ದರೆ ಅವರು ಕೊಡುತ್ತಿದ್ದರು. ಅವರಿಗೂ ಗೊತ್ತಿಲ್ಲದಿದ್ದರೆ ಅಂಗೈ ಮೇಲೆ ಬರೆದುಕೊಂಡು ಸೋಮವಾರ ಡಿಕ್ಷನರಿ ನೋಡಿಕೊಂಡು ಬರುತ್ತಿದ್ದರು. ಅವರು ಏರಿಯ ಇಳಿಜಾರಿನಲ್ಲಿ ನೆಲದ ಮೇಲೆಯೇ ಕೂರುತ್ತಿದ್ದರು. ಕಲೆಯ ಮೂಲ ಅದು.

ಒಮ್ಮೆ ಸೈಕಲ್ ಅಂಗಡಿಯ ಸಾಹೇಬರ ಮಗನ ಸರದಿ ಬಂತು. ರಜೆಯಲ್ಲಿ ಎಲ್ಲಿಗೂ ಹೋಗಿಲ್ಲ, ಅಪ್ಪನ ಅಂಗಡಿಯಲ್ಲಿ ಗಾಲಿಯ ಅಂಕುಡೊಂಕು ತೆಗೆಯುತ್ತಿದ್ದೆ ಎಂದ. ಹೇಗೆ ತೆಗೆಯುತ್ತೀ ಎಂದು ಮೇಷ್ಟ್ರು ಕೇಳಿದರು. ಅವನು ಏರಿಯ ಮೇಲೆ ನಿಂತಿದ್ದ ಸೈಕಲ್ಲೊಂದನ್ನು ತಲೆಕೆಳಗು ನಿಲ್ಲಿಸಿ, ಗಾಲಿ ತಿರುಗಿಸಿ, ಕಡ್ಡಿ ಬಿಗಿ ಮಾಡಿ ತೋರಿಸಿದ. ಅವನ ಬಾಯಲ್ಲಿ ಮೊದಲೇ ಇದ್ದ ಇಂಗ್ಲಿಷ್ ಪದಗಳು, ರಿಮ್ಮು, ಸ್ಪೋಕು, ಬ್ರೇಕು, ಒಂದೊಂದೇ ಹೊರಬಂದವು. "ನೋಡ್ರಲೇ," ಎಂದು ಮೇಷ್ಟ್ರು ನಮ್ಮ ಕಡೆ ತಿರುಗಿದರು, "ಇವನಿಗೆ ಇಂಗ್ಲಿಷ್ ಬರ್ತೈತಿ. ಬರಂಗಿಲ್ಲ ಅಂತ ಇವನಿಗೆ ಹೇಳಿದವರು ಯಾರು?" ಆ ಹುಡುಗ ಆಮೇಲೆ ಕೈ ಎತ್ತದೆ ಕೂತ ದಿನವಿಲ್ಲ.

ಅವರಿಗೂ ಒಂದು ರಜೆಯ ಆಸೆಯಿತ್ತು. ಪ್ರತಿ ಬೇಸಿಗೆಗೂ ಮುಂಚೆ, ಈ ಸಲ ಅಮ್ಮಾರನ್ನು ಕರೆದುಕೊಂಡು ಕಾರವಾರಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು. ಅಮ್ಮಾರು ಎಂದರೆ ಅವರ ಹೆಂಡತಿ. ನಾವೂ ಹಾಗೇ ಕರೆಯುತ್ತಿದ್ದೆವು. ಪ್ರತಿ ಜೂನಿನಲ್ಲೂ, ಆಗಲಿಲ್ಲ ಎನ್ನುತ್ತಿದ್ದರು. ಒಂದು ವರ್ಷ ಬೋರ್ಡು ಪರೀಕ್ಷೆಯ ಪೇಪರ್ ತಿದ್ದುವ ಕೆಲಸ, ಇನ್ನೊಂದು ವರ್ಷ ಜನಗಣತಿ, ಮತ್ತೊಂದು ವರ್ಷ ಅಮ್ಮಾರಿಗೆ ಮೈಯಲ್ಲಿ ಹುಷಾರಿಲ್ಲ.

ಹತ್ತು ವರ್ಷದ ನಂತರ ನಾನು ಹೊಸಪೇಟೆಯ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ನನ್ನ ಪಾಲು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಸುದ್ದಿ ತರಬೇಕಿತ್ತು. ಒಂದು ಫೆಬ್ರವರಿಯ ಕೊನೆಗೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಬ್ಬ ದಲಾಲಿ ವ್ಯಾಪಾರಿ ನನ್ನ ಎದುರು ಬಂದು ಕೂತರು. ಅವರ ಮಗ ಹತ್ತನೇ ತರಗತಿಯಲ್ಲಿದ್ದ.

"ಏನ್ರಿ ಪೇಪರ್‌ನೋರ, ಇಂಥದ್ದೆಲ್ಲಾ ನಿಮ್ಮ ಕಣ್ಣಿಗೆ ಬೀಳಂಗಿಲ್ಲೇನು? ಪರೀಕ್ಷಿ ತಲಿ ಮ್ಯಾಲೆ ಐತಿ. ಇಂಗ್ಲಿಷ್ ಮೇಷ್ಟ್ರು ಹುಡುಗ್ರನ್ನ ಏರಿ ಮ್ಯಾಲೆ ಕುಂದ್ರಿಸಿ ಸೇಂಗಾ ತಿನ್ನಿಸ್ತಾರ. ಮೊನ್ನೆ ಒಂದು ಹುಡುಗಿ ಕೆರಿಗೆ ಜಾರಿ ಬಿದ್ದಿತ್ತಂತ."

ಅವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ಆ ಕ್ಷಣವೇ ತಿಳಿಯಿತು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ದಾಖಲಿಸಬೇಕು. ನನ್ನ ಗುರುಗಳು ಎಂಬ ಕಾರಣಕ್ಕೆ ಸುದ್ದಿ ಬಿಡಬಾರದು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಆಯಿತು. ಇನ್ನಿಬ್ಬರು ಪಾಲಕರನ್ನು ಅಲ್ಲೇ ಮಾತಾಡಿಸಿದೆ. ಶಾಲೆಗೆ ಫೋನ್ ಮಾಡಿದಾಗ ಮುಖ್ಯೋಪಾಧ್ಯಾಯರು ಪರಿಶೀಲಿಸುವುದಾಗಿ ಹೇಳಿದರು. ಮೇಷ್ಟ್ರನ್ನು ಮಾತ್ರ ಕೇಳಲಿಲ್ಲ. ಮುಖ ಕೊಟ್ಟು ಕೇಳಲು ಸಂಕೋಚವಾಯಿತು. ಅದಕ್ಕೆ ಬಸ್ಸಿನ ಹೊತ್ತಾಯಿತು ಎಂಬ ನೆಪವೂ ಸಿಕ್ಕಿತು. ಏರಿ ಹದಿನೈದು ನಿಮಿಷದ ದಾರಿಯಲ್ಲಿತ್ತು. ನಾನು ಹೋಗಲಿಲ್ಲ.

ಮರುದಿನ ಮೂರನೇ ಪುಟದಲ್ಲಿ ಸುದ್ದಿ ಬಂತು. ಪರೀಕ್ಷೆ ಹತ್ತಿರವಿರುವಾಗ ಶಿಕ್ಷಕರೊಬ್ಬರು ಶಾಲಾ ಅವಧಿಯಲ್ಲಿ ಮಕ್ಕಳನ್ನು ಕೆರೆಗೆ ವಿಹಾರಕ್ಕೆ ಕರೆದೊಯ್ಯುತ್ತಿದ್ದಾರೆ, ವಿದ್ಯಾರ್ಥಿನಿಯೊಬ್ಬಳು ನೀರಿಗೆ ಜಾರಿ ಅಪಾಯದಿಂದ ಪಾರಾಗಿದ್ದಾಳೆ ಎಂದು ಪಾಲಕರು ದೂರಿದ್ದಾರೆ, ಎಂದಿತ್ತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವಿರಲಿಲ್ಲ, ಏರಿಯ ಮೇಲೆ ಪಾಠ ಮಾಡುವವರು ಆ ಊರಿನಲ್ಲಿ ಒಬ್ಬರೇ ಇದ್ದರು.

ಶನಿವಾರದ ಪಾಠ ಆ ವಾರವೇ ನಿಂತಿತು. ಇಲಾಖೆಯಿಂದ ವಿವರಣೆ ಕೇಳಿ ಕಾಗದ ಬಂತು. ಅದಕ್ಕೆ ನನ್ನ ವರದಿಯ ಕತ್ತರಿಕೆಯನ್ನು ಲಗತ್ತಿಸಿದ್ದರೆಂದು ಶಾಲೆಯ ಗುಮಾಸ್ತರು ಆಮೇಲೆ ಹೇಳಿದರು. ಬೇರೆ ಸಾಕ್ಷಿ ಯಾರೂ ಹುಡುಕಲಿಲ್ಲ. ಮೇ ತಿಂಗಳಲ್ಲಿ ಮೇಷ್ಟ್ರನ್ನು ಹರಪನಹಳ್ಳಿಗೆ ವರ್ಗ ಮಾಡಿದರು.

ಆಗ ನಾನು ಏರಿಗೆ ಹೋದೆ. ಕೆರೆಯ ಅಂಗಳ ಬಿರುಕು ಬಿಟ್ಟಿತ್ತು. ನೀರು ಏರಿಯಿಂದ ದೂರ, ನಡುವಿನ ತಗ್ಗಿನಲ್ಲಿ ಒಂದಿಷ್ಟು ನಿಂತಿತ್ತು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಈ ನೀರು ಯಾವಾಗ ಇಳಿಯಿತು ಎಂದು ಕೇಳಿದೆ.

"ಸಂಕ್ರಾಂತಿಯಿಂದ ಹಿಂಗ ಐತ್ರಿ. ಎಮ್ಮಿ ಹೊಟ್ಟಿ ಸೈತ ನೆನಿಯಂಗಿಲ್ಲ."

"ಒಂದು ಹುಡುಗಿ ಜಾರಿ ಬಿದ್ದಿತ್ತಂತಲ್ಲಾ?"

"ಬೀಳಾಕ ನೀರೆಲ್ಲಿ ಅದಾವ್ರಿ? ಚಪ್ಪಲಿ ರಾಡ್ಯಾಗ ಸಿಕ್ಕೊಂಡಿತ್ತು. ಮೇಷ್ಟ್ರು ಕೈ ಹಾಕಿ ತಗದ್ರು. ಹುಡುಗ್ರು ಅದಕ್ಕೂ ಏನೋ ಇಂಗ್ಲಿಷ್‌ನಾಗ ಒದರಿದ್ರು."

ನಾನು ಸಂಪಾದಕರಿಗೆ ಹೇಳಿದೆ. ಅವರು ವರದಿಯನ್ನು ಎರಡು ಸಲ ಓದಿ, ತಿದ್ದುಪಡಿ ಹಾಕುವಂಥದ್ದು ಇದರಲ್ಲಿ ಏನೂ ಇಲ್ಲ ಎಂದರು. ಅವರ ಮಾತು ನಿಜವಾಗಿತ್ತು. ಪಾಲಕರು ದೂರಿದ್ದರು, ದೂರಿದ್ದಾರೆ ಎಂದು ನಾನು ಬರೆದಿದ್ದೆ. ಹೊಸದಾಗಿ ಒಂದು ವರದಿ ಬರೆಯಬಹುದಿತ್ತು. ಬರೆಯುತ್ತೇನೆ ಎಂದುಕೊಳ್ಳುತ್ತಲೇ ಚುನಾವಣೆ ಬಂತು, ಮಳೆಗಾಲ ಬಂತು, ವಿಷಯ ಹಳೆಯದಾಯಿತು.

ಎರಡು ವರ್ಷದ ನಂತರ ಮೆಕ್ಕೆಜೋಳದ ಮಾರುಕಟ್ಟೆಯ ಸುದ್ದಿಗೆಂದು ಹರಪನಹಳ್ಳಿಗೆ ಹೋದಾಗ ಅವರ ಶಾಲೆ ಹುಡುಕಿಕೊಂಡು ಹೋದೆ. ಕಿಟಕಿಯಿಂದ ಮೊದಲು ಬೋರ್ಡು ಕಂಡಿತು. ಗೈಡಿನ ಪ್ರಬಂಧ ಅದರ ತುಂಬ ದುಂಡಗಿನ ಅಕ್ಷರದಲ್ಲಿತ್ತು. ಮೇಷ್ಟ್ರು ಕೋಲಿಟ್ಟು ತೋರಿಸುತ್ತಿದ್ದರು, ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು: ವಿ ವೆಂಟ್ ಟು ದಿ ಸೀಸೈಡ್. ಮೈ ಫಾದರ್ ಸ್ಯಾಟ್ ಅಂಡರ್ ಎ ಬಿಗ್ ಅಂಬ್ರೆಲಾ. ಅವರು ಬೋರ್ಡಿನ ಕಡೆ ತಿರುಗಿದರು. ಪ್ಯಾಂಟು ಇಸ್ತ್ರಿ ಮಾಡಿದ್ದು, ಅಚ್ಚ ಬಿಳಿ. ಒಂದು ಕಲೆಯೂ ಇರಲಿಲ್ಲ.

ಗಂಟೆ ಹೊಡೆದ ಮೇಲೆ ವರಾಂಡದ ಬೆಂಚಿನ ಮೇಲೆ ಕೂತೆವು. ಅವರು ಚಹಾ ತರಿಸಿದರು. ಇಲ್ಲಿ ಹೇಗಿದೆ ಸರ್ ಎಂದೆ.

"ಚಲೋ ಐತಿ. ಎಲ್ಲಾರೂ ಪಾಸಾಗ್ತಾರ."

ನಾನು ಚಹಾದ ಲೋಟ ಕೆಳಗಿಟ್ಟೆ. "ಸರ್, ಆ ವರದಿ..."

"ಓದಿದೆ. ಭಾಷಿ ಚಲೋ ಇತ್ತು." ಅವರು ಅಂಗಳದ ಕಡೆ ನೋಡುತ್ತಿದ್ದರು. "ನೀನು ಏರಿಗೆ ಬರ್ತೀಯೇನೋ ಅಂದ್ಕೊಂಡಿದ್ದೆ. ಸೇಂಗಾ ಇದ್ವು," ಎಂದರು.

ಕ್ಷಮಿಸಿ ಎಂಬ ಪದ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಮಾತು ಬದಲಿಸಿದರು.

"ಪೇಪರ್‌ನ್ಯಾಗ ಇದ್ದಿ, ಊರೂರು ತಿರುಗ್ತಿ. ಸಮುದ್ರ ನೋಡಿದೇನು?"

"ನೋಡಿದೆ ಸರ್. ಹೋದ ವರ್ಷ, ಕಾರವಾರದಾಗ. ಮಂತ್ರಿಗಳ ಕಾರ್ಯಕ್ರಮ ಇತ್ತು."

ಅವರು ನನ್ನ ಕಡೆ ಪೂರ್ತಿ ತಿರುಗಿದರು. "ಮರಳು ಸುಡತೈತೇನು?"

ಆ ದಿನ ನಾವು ಜೀಪಿನಿಂದ ಇಳಿದಿರಲಿಲ್ಲ. ರಸ್ತೆಯಿಂದ ಸಮುದ್ರ ನೋಡಿ, ಊಟ ಮುಗಿಸಿ, ವಾಪಸು ಹೊರಟಿದ್ದೆವು. ದೂರದಿಂದ ನೋಡಿದೆ ಸರ್ ಎಂದೆ. ಅವರು ತಲೆಯಾಡಿಸಿ ಖಾಲಿ ಲೋಟಗಳನ್ನು ಎತ್ತಿಕೊಂಡರು. ಹುಡುಗನೊಬ್ಬ ಪಾಸಾಗುವಷ್ಟು ಬರೆದಿದ್ದಾನೆ, ಇನ್ನು ಕೇಳುವುದೇನಿಲ್ಲ ಎನಿಸಿದಾಗ ಅವರು ಹಾಗೆಯೇ ತಲೆಯಾಡಿಸುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಹರಪನಹಳ್ಳಿಯಿಂದ ಬಂದ ಸುದ್ದಿಗಳ ಕಂತೆಯಲ್ಲಿ ಎರಡು ಸಾಲು ಇತ್ತು: ಶಿಕ್ಷಕರ ನಿಧನ. ಅಂಥ ಸಾಲುಗಳನ್ನು ಬಂದ ಹಾಗೆಯೇ ಅಚ್ಚಿಗೆ ಕೊಡುವುದು ರೂಢಿ. ನಾನು ಅದನ್ನು ತಡೆಹಿಡಿದು ಬಸ್ಸು ಹತ್ತಿದೆ. ನಾನು ತಲುಪುವಷ್ಟರಲ್ಲಿ ಮೇಷ್ಟ್ರ ಮಣ್ಣಾಗಿತ್ತು. ಅಮ್ಮಾರು ಒಳಗೆ ಕೂರಿಸಿ ನೀರು ಕೊಟ್ಟರು. ಕಾರವಾರಕ್ಕೆ ಹೋಗಿದ್ದಿರಾ ಎಂದು ಕೇಳಿದೆ. "ಇಲ್ಲಪಾ," ಎಂದರು. "ರಿಟೈರ್ ಆದ ಮ್ಯಾಲೆ ಅಂತಿದ್ರು. ಇನ್ನೂ ಏಳು ತಿಂಗಳಿತ್ತು." ಹೊಸಪೇಟೆಗೆ ಮರಳಿ ಆರು ಸಾಲು ಬರೆದೆ. ಅವರು ಮಕ್ಕಳಿಗೆ ಕೆರೆ ಏರಿಯ ಮೇಲೆ ಇಂಗ್ಲಿಷ್ ಕಲಿಸುತ್ತಿದ್ದರು ಎಂದು ಒಂದು ಸಾಲು. ಅದನ್ನು ಯಾರೂ ಹೇಳಿದ್ದಲ್ಲ, ನಾನೇ ಕಂಡದ್ದು.

ಮುಂದಿನ ಬೇಸಿಗೆಯಲ್ಲಿ ನಾಲ್ಕು ದಿನ ರಜೆ ಹಾಕಿ ಕಾರವಾರಕ್ಕೆ ಹೋದೆ. ಕಾರ್ಯಕ್ರಮವಿರಲಿಲ್ಲ, ಸುದ್ದಿಯಿರಲಿಲ್ಲ. ನಡುಮಧ್ಯಾಹ್ನ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲಿಳಿದೆ. ಸುಡುತ್ತದೆ, ಸರ್. ನಿಲ್ಲಲಾಗದಷ್ಟು ಸುಡುತ್ತದೆ. ನೀರಿನ ಅಂಚಿಗೆ ಹೋದರೆ ತಣ್ಣಗಿರುತ್ತದೆ, ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ. ಆ ಕೊನೆಯದನ್ನು ನೀವು ಕೇಳಿರಲಿಲ್ಲ. ಹೇಳಿದ್ದರೆ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಿರಿ.