ಫಿಲ್ಟರಿನ ಬಿಳಿ ಮಗ್ಗುಲು

ಮಾಸ್ತಿಕಟ್ಟೆ ಸುತ್ತಿನಲ್ಲಿ ಬಾಡಿಗೆ ಕಾರು ಓಡಿಸುವ ಹೆಂಗಸು ಎಂದರೆ ಯಮುನಮ್ಮ ಒಬ್ಬಳೇ. ಮೊದಮೊದಲು ಊರಿನವರು ಮೂಗು ಮುರಿದರು. ಈಗ ಮದುವೆಗೂ ಅವಳೇ ಬೇಕು, ಆಸ್ಪತ್ರೆಗೂ ಅವಳೇ ಬೇಕು. ಕಾರು ಹಳೆಯದು, ಚಿಕ್ಕದು, ಬಣ್ಣ ಮಾಸಿದ್ದು. ಅದರ ಮೇಲೆ ಅವಳಿಗಿರುವ ಅಭಿಮಾನ ನೋಡಿದರೆ ಮಾತ್ರ ವಿಮಾನವನ್ನೇ ಇಟ್ಟುಕೊಂಡಿದ್ದಾಳೇನೋ ಅನ್ನಿಸಬೇಕು. ಬಾನೆಟ್ ಎತ್ತಿದಾಗಲೆಲ್ಲ ಇವತ್ತಿಗೂ ಅವಳಿಗೆ ಬೆರಗು. ಒಂದಿಷ್ಟು ಪೆಟ್ರೋಲು, ಒಂದಿಷ್ಟು ಗಾಳಿ, ಅಷ್ಟರಲ್ಲೇ ಐದು ಜನ ಘಾಟಿ ಹತ್ತಿಬಿಡುತ್ತಾರಲ್ಲ ಅಂತ.

ವಾರಕ್ಕೆರಡು ಸಲ ಅವಳು ವಾಸಪ್ಪನನ್ನು ಡಯಾಲಿಸಿಸ್‌ಗೆ ಸಾಗರಕ್ಕೆ ಕರೆದೊಯ್ಯುತ್ತಾಳೆ. ವಾಸಪ್ಪ ಊರೂರು ಸೈಕಲ್ ತುಳಿದು ಅಂಚೆ ಹಂಚಿ ನಿವೃತ್ತನಾದವನು. ಯಮುನಮ್ಮ ಚಿಕ್ಕವಳಿದ್ದಾಗ ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ಈಚೆಗೆ ಅವನಿಗೆ ಎಲ್ಲದರ ಮೇಲೂ ಬೇಸರ ಹತ್ತಿತ್ತು.

"ಆ ಮಷೀನಿಗೆ ನಾನೆಂಥಕ್ಕೆ ಜೋತು ಬೀಳ್ಬೇಕು ಹೇಳು. ಈ ತಿಂಗ್ಳು ಮುಗೀಲಿ, ಸಾಕು ಮಾಡ್ತೀನಿ" ಎಂದಿದ್ದ.

ಸಾಕು ಮಾಡುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಮಾತಿನಲ್ಲಿ ಗೆಲ್ಲಲಾಗದಿದ್ದರೆ ಬೇಡ, ಕಾರನ್ನಂತೂ ತಪ್ಪದೆ ಅವನ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ ಎಂದು ಯಮುನಮ್ಮ ಹಟ ಹಿಡಿದಳು.

ಅವಳ ಗಂಡ ಮಂಜುನಾಥಪ್ಪನ ತಲೆಗೆ ಹೊಸ ಏರ್ ಫಿಲ್ಟರ್ ಹೊಕ್ಕಿದ್ದೂ ಆಗಲೇ. ಇಂಜಿನ್ನಿಗೆ ಹೋಗುವ ಗಾಳಿ ಸೋಸಲು ಕಾರಿನ ಜೊತೆ ಬರುವುದು ಕಾಗದದ್ದು. ಇವನು ಫೋನಿನಲ್ಲಿ ನೋಡಿ ತರಿಸಿದ್ದು ಕೆಂಪು ಅಂಚಿನ ಹತ್ತಿಬಟ್ಟೆಯದು. ಅದನ್ನು ತೊಳೆದು, ಎಣ್ಣೆ ಹಚ್ಚಿ, ಮತ್ತೆ ಮತ್ತೆ ಬಳಸಬಹುದಂತೆ.

"ಇಂಜಿನ್ನು ಚೆನ್ನಾಗಿ ಉಸಿರಾಡ್ತದೆ ನೋಡು. ಏರಲ್ಲಿ ಗೇರು ಇಳಿಸೋದೇ ಬೇಡ" ಅಂದ.

ಹಾಕಿದ ಮೇಲೆ ಕಾರು ಗುರ್ರೆಂದಿತು. ಸದ್ದು ಜೋರಾದರೆ ಓಟವೂ ಜೋರಾಯಿತು ಅನ್ನಿಸುವುದು ಮನುಷ್ಯನ ಕಿವಿಯ ಗುಣ. ಯಮುನಮ್ಮನೂ ನಂಬಿದಳು. ಏರು ಬಂದಾಗ ಮಾತ್ರ, ಮೊದಲು ಯಾವ ಹಲಸಿನ ಮರದ ಹತ್ತಿರ ಗೇರು ಇಳಿಸುತ್ತಿದ್ದಳೋ ಅಲ್ಲೇ ಕೈ ತಾನಾಗಿ ಗೇರಿಗೆ ಹೋಗುತ್ತಿತ್ತು. ಆಸೆಪಟ್ಟು ತಂದ ಗಂಡನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ.

ಎರಡೇ ವಾರದಲ್ಲಿ ಅಡಿಕೆ ಸುಲಿಯುವ ಕಾಲ ಬಂತು, ರಸ್ತೆಯಲ್ಲಿ ಕೆಂಧೂಳು ಎದ್ದಿತು. ಮಂಜುನಾಥಪ್ಪ ಫಿಲ್ಟರ್ ತೊಳೆದ. ಅದರ ಜೊತೆ ಬಂದಿದ್ದ ಎಣ್ಣೆಯ ಶೀಸೆ ಎಲ್ಲೋ ಕಳೆದಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ತೆಂಗಿನೆಣ್ಣೆ ಸವರಿ ರೂಢಿಯಾದ ಕೈ ಅದು. ಅದೇ ಎಣ್ಣೆಯನ್ನು ಫಿಲ್ಟರಿಗೂ ಧಾರಾಳವಾಗಿ ಕುಡಿಸಿ, ಹೆಂಡತಿಗೆ ಹೇಳದೆ ಕಾರಿನೊಳಗೆ ಕೂರಿಸಿಬಿಟ್ಟ.

ಮರುದಿನ ಬೆಳಿಗ್ಗೆ ಮೈ ಕೊರೆಯುವ ಚಳಿ. ವಾಸಪ್ಪನನ್ನು ಕೂರಿಸಿಕೊಂಡು ಹೊರಟ ಕಾರು ಹೊಸನಗರಕ್ಕೆ ಮುಂಚಿನ ಏರಿನಲ್ಲಿ ಮುಕ್ಕರಿಯಿತು, ಕೆಮ್ಮಿತು, ನಿಂತೇಬಿಟ್ಟಿತು.

"ಬಿಡು ತಂಗಿ, ಅದಕ್ಕೂ ಸಾಕಾಗಿದೆ. ಮನೆಗೆ ಹೋಗಣ" ಎಂದ ವಾಸಪ್ಪ.

ಅವನ ದನಿಯಲ್ಲಿದ್ದ ಸಮಾಧಾನ ಕೇಳಿ ಅವಳು ಸರಕ್ಕನೆ ಕೆಳಗಿಳಿದಳು. ಬಾನೆಟ್ ಎತ್ತಿ ಫಿಲ್ಟರಿನ ಪೆಟ್ಟಿಗೆ ಬಿಚ್ಚಿದಳು. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟಿ, ಬಟ್ಟೆಯ ತುಂಬ ಬೆಣ್ಣೆ ಮೆತ್ತಿದ ಹಾಗಿತ್ತು. ಗಾಳಿ ಹೋಗಲು ದಾರಿಯೇ ಇರಲಿಲ್ಲ.

"ತಲೆಗೆ ಹಚ್ಚೋದನ್ನ ಕಾರಿಗೆ ಹಚ್ಚಿದಾರೆ ನಮ್ಮನೆಯವ್ರು" ಎಂದಳು. ವಾಸಪ್ಪ ಬಹಳ ದಿನಗಳ ಮೇಲೆ ನಕ್ಕ.

ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದ ಹಳೆಯ ಕಾಗದದ ಫಿಲ್ಟರ್ ಡಿಕ್ಕಿಯಲ್ಲಿತ್ತು. ಅದನ್ನು ವಾಸಪ್ಪನ ಕೈಗೆ ಕೊಟ್ಟು, ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ಬಟ್ಟೆ ಆಡಿಸಿದಳು. ಬಟ್ಟೆ ಕೆಂಪಾಯಿತು. ಯಮುನಮ್ಮ ದಂಗಾದಳು. ಕಾಗದದ್ದು ಇದ್ದಾಗ ಅಲ್ಲಿ ಧೂಳು ಅಂಟಿದ್ದನ್ನು ಅವಳು ಕಂಡೇ ಇರಲಿಲ್ಲ. ಹೊಸದು ಗಾಳಿಯ ಜೊತೆ ರಸ್ತೆಯನ್ನೂ ಒಳಗೆ ಬಿಟ್ಟಿತ್ತು.

ವಾಸಪ್ಪ ಕೈಯಲ್ಲಿದ್ದ ಹಳೆಯ ಫಿಲ್ಟರನ್ನು ನೋಡುತ್ತಿದ್ದ. ಒಂದು ಮಗ್ಗುಲಿನ ಮಡಿಕೆಗಳ ತುಂಬ ಕೆಮ್ಮಣ್ಣು, ಅಡಿಕೆ ಸಿಪ್ಪೆಯ ಜುಂಗು, ಹುಳುಗಳ ರೆಕ್ಕೆ. ತಿರುಗಿಸಿದ. ಇನ್ನೊಂದು ಮಗ್ಗುಲು ಬಿಳಿ.

"ಇದು ಬರೀ ಕಾಗದನಾ?"

"ಹೌದಣ್ಣ. ಬರೀ ಕಾಗದ."

"ಇಷ್ಟನ್ನೂ ಇದೇ ತಡ್ದಿದ್ದಾ?"

"ನಾವು ಓಡಾಡಿದ ರಸ್ತೆಯೆಲ್ಲ ಅದ್ರಲ್ಲೇ ಇದೆ."

ಅವನು ಬಿಳಿ ಮಗ್ಗುಲಿನ ಮೇಲೆ ಬೆರಳಾಡಿಸಿದ. ಬೆರಳಿಗೆ ಏನೂ ಅಂಟಲಿಲ್ಲ. ಅದೇ ಬೆರಳನ್ನು ತನ್ನ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರದ ಮೇಲೆ ಇಟ್ಟುಕೊಂಡ.

"ಆ ಮಷೀನಲ್ಲೂ ಒಂದು ಫಿಲ್ಟರ್ ಇದೆಯಂತೆ" ಎಂದ ಮೆಲ್ಲಗೆ. "ತೋರಿಸ್ತೀನಿ ನೋಡಿ ಅಂತ ನರ್ಸಮ್ಮ ಎಷ್ಟು ಸಲ ಅಂದ್ರು. ನಾನೇ ಆ ಕಡೆ ಮುಖ ತಿರುಗಿಸ್ಕಂಡು ಮಲಗ್ತಿದ್ದೆ."

ಯಮುನಮ್ಮ ಫಿಲ್ಟರನ್ನು ಅವನ ಕೈಯಿಂದ ತೆಗೆದುಕೊಂಡಳು. ಇಷ್ಟು ವರ್ಷ ಬಾನೆಟ್ ಎತ್ತಿ ಇಂಜಿನ್ನನ್ನು ನೋಡಿ ಬೆರಗಾಗಿದ್ದಳು. ಪಕ್ಕದ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತ ಈ ಕಾಗದವನ್ನು ಒಂದು ದಿನವೂ ನೆನೆದಿರಲಿಲ್ಲ. ಅದನ್ನು ಕಲ್ಲಿಗೆ ಮೆತ್ತಗೆ ತಟ್ಟಿ, ಧೂಳು ಉದುರಿಸಿ, ಅದರ ಜಾಗದಲ್ಲಿ ಕೂರಿಸಿದಳು. ಕಾರು ಗುರ್ರೆನ್ನದೆ, ಹಿಂದಿನ ಹಾಗೆ ಮೆಲ್ಲಗೆ ಶುರುವಾಗಿ ಏರು ಹತ್ತಿತು.

ಸಾಗರದ ಆಸ್ಪತ್ರೆಯ ಮುಂದೆ ಇಳಿದರೆ ವಾಸಪ್ಪ ಹಿಂದಿರುಗಿ ನೋಡದೆ ತಲೆ ತಗ್ಗಿಸಿ ಒಳಗೆ ಹೋಗುವವನು. ಇವತ್ತು ಬಾಗಿಲಲ್ಲಿ ನಿಂತ.

"ನೀನೂ ಬಾ ತಂಗಿ, ಆ ಫಿಲ್ಟರ್ ಹೆಂಗಿದೆ ನೋಡಣ" ಎಂದ. ಆಮೇಲೆ ಕಾರಿನತ್ತ ಕಣ್ಣು ಹಾಯಿಸಿ, "ಇದಕ್ಕೂ ಮುಂದಿನ ತಿಂಗ್ಳು ಒಂದು ಹೊಸ ಕಾಗದದ್ದು ಹಾಕ್ಸಣ. ಇಲ್ಲಿಗೆ ಬರ್ತಾ ದಾರೀಲೇ ಹಾಕ್ಸಿದ್ರಾಯ್ತು" ಎಂದ.

ಯಮುನಮ್ಮನಿಗೆ ಕೇಳಿಸಿದ್ದು ಮುಂದಿನ ತಿಂಗಳು ಎಂಬುದೊಂದೇ. ತಲೆಯಾಡಿಸಿ ಅವನ ಹಿಂದೆ ಒಳಗೆ ನಡೆದಳು.