ಸೊಸೆಯ ವಸಡಿನ ಬಿಳಿ ಗುಳ್ಳೆ

ತಂಗಿ ಬಾಣಂತನಕ್ಕೆ ಮಧುಗಿರಿಯ ನಮ್ಮ ಮನೆಗೆ ಬಂದ ದಿನವೇ ನನಗೆ ಬಾಣಂತಿ ಕೋಣೆಯ ಬಾಗಿಲು ಮುಚ್ಚಿತು. ಮಗುವಿನ ವಸಡಿನ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಗುಳ್ಳೆ ಇತ್ತಂತೆ. ಅವ್ವ ಅದನ್ನು ಹಲ್ಲೆಂದು ತೀರ್ಮಾನಿಸಿಬಿಟ್ಟಳು. ಹಲ್ಲಿಟ್ಟುಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಇರುವ ಸೋದರಮಾವ ನಾನೊಬ್ಬನೇ.

ನನಗೆ ಸಿಟ್ಟು ಬಂತು. ಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ತಂಗಿ, ಅವ್ವ ಮಗುವನ್ನು ಡಾಕ್ಟರಿಗೆ ತೋರಿಸಿ ಆಟೋ ಹತ್ತಿದ ಮೇಲೆ ನಾನೊಬ್ಬನೇ ಡಾಕ್ಟರ ಕೋಣೆಯೊಳಗೆ ಹೋಗಿ ಕೇಳಿದೆ.

"ಹಲ್ಲಲ್ಲ, ಜೊಲ್ಲಿನ ಗ್ರಂಥಿಯ ಸಣ್ಣ ಗಂಟು. ಮುಟ್ಟಬೇಡಿ. ಸಾಮಾನ್ಯವಾಗಿ ತಾನೇ ಹೋಗುತ್ತೆ," ಎಂದರು ಡಾಕ್ಟರು.

ಆ 'ಸಾಮಾನ್ಯವಾಗಿ' ತಲೆಯೊಳಗೆ ಕೂತುಬಿಟ್ಟಿತು. ಅದೇ ಸಂಜೆ ಬೈಕು ಸ್ಟ್ಯಾಂಡಿನಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ಮೊದಲೂ ಎಷ್ಟೋ ಸಲ ಬಿದ್ದಿತ್ತು, ಆದರೆ ಆವತ್ತು ಹೆದರಿಕೆಯಾಯಿತು. ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಅವ್ವ ಬೆರಳಿಗೆ ಬಟ್ಟೆ ಸುತ್ತಿಕೊಂಡು ಗುಳ್ಳೆ ಕೀಳಲು ಕೂತಳು. ತಂಗಿ ಮಗುವನ್ನು ಅವಚಿಕೊಂಡು ನನ್ನನ್ನು ಕರೆದಳು.

"ಅಣ್ಣ, ನಾನಂದ್ರೆ ನಂಬಲ್ಲ, ಡಾಕ್ಟ್ರು ಏನಂದ್ರು ಅಂತ ನೀನೇ ಹೇಳು ಅವ್ವಂಗೆ."

"ನಿನ್ ಒಳ್ಳೇದ್ಕೇ ಕಣ್ಲಾ ಮಾಡ್ತಿರಾದು," ಎಂದಳು ಅವ್ವ.

ಕದದ ಹಿಂದೆ ನಿಂತಿದ್ದ ನನಗೆ 'ಅದು ಹಲ್ಲಲ್ಲ' ಎನ್ನಲು ಬಾಯೇ ಬರಲಿಲ್ಲ. "ಅದ್ನ ಮುಟ್ಬ್ಯಾಡ ಬುಡವ್ವ. ಎಣ್ಣೇಲಿ ಮುಖ ನೋಡ್ತೀನಿ," ಎಂದೆ. ಮಾವ ಮಗುವನ್ನು ಮೊದಲು ಎಣ್ಣೆಯಲ್ಲಿ ನೋಡಿದರೆ ದೋಷ ಕಳೆಯುತ್ತದೆ ಎನ್ನುತ್ತಾರೆ. ನಾನು ಯಾರ ಪರ ವಹಿಸಿದೆ, ಡಾಕ್ಟರದೋ ಅವ್ವನದೋ, ನನಗೆ ಈಗಲೂ ಗೊತ್ತಿಲ್ಲ.

ಅವ್ವ ಕಂಚಿನ ಬಟ್ಟಲಿಗೆ ಎಳ್ಳೆಣ್ಣೆ ಸುರಿದು ನನ್ನ ಮುಂದಿಟ್ಟಳು. ತಂಗಿ ಬೆನ್ನ ಹಿಂದೆ ಬಂದು ಮಗುವನ್ನು ನನ್ನ ಹೆಗಲ ಮೇಲಕ್ಕೆ ಹಿಡಿದಳು. ಎಣ್ಣೆಯಲ್ಲಿ ಎರಡು ಮುಖ ಅಲುಗಾಡಿದವು. ನಾನು ನೋಡಿದ್ದು ನನ್ನದನ್ನು, ಏನಾದರೂ ಆಗಿದೆಯೇ ಎಂದು. ಮಗುವಿನ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಅವ್ವ ಬಟ್ಟಲು ಎತ್ತಿಕೊಂಡಳು.

"ಯಾರಂಗವ್ಳೆ ಅಣ್ಣ?" ಎಂದಳು ತಂಗಿ.

"ನಿನ್ನಂಗೇ ಕಣಮ್ಮ," ಎಂದೆ.

ಕೆಲವು ವಾರಗಳಲ್ಲಿ ಗುಳ್ಳೆ ಮಾಯವಾಯಿತು. ಅದು ಎಣ್ಣೆಯಿಂದಲೋ ತಾನಾಗಿಯೋ ಎಂಬ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಸೊಸೆಗೆ ಈಗ ನಿಜವಾದ ಹಲ್ಲುಗಳು ಬಂದಿವೆ. ಅಗಲ ಹಣೆ, ಸೊಟ್ಟ ನಗು, ಥೇಟ್ ನನ್ನದೇ ಮುಖ. ಪಾವಗಡದ ಗಂಡನ ಮನೆಯಿಂದ ಬಂದಾಗಲೆಲ್ಲ ತಂಗಿ ಅವಳನ್ನು ನನ್ನ ಪಕ್ಕ ನಿಲ್ಲಿಸಿ ಕೇಳುತ್ತಾಳೆ:

"ಆವತ್ತು ಎಣ್ಣೇಲಿ ಇದು ಕಾಣ್ಲಿಲ್ವಾ ಅಣ್ಣ?"